ಗಾಜಿನ ತೊಟ್ಟಿಯ ಹವಳ

ಚೆಲುವಾದುದನ್ನು ಕಂಡು ಸಂತೋಷಪಡುವುದು ಮನುಷ್ಯನ ಸಹಜ ಗುಣ. ಕಂಡುದನ್ನು ಮನೆಗೆ ತಂದಿರಿಸಿಕೊಳ್ಳಬೇಕೆಂಬ ಆಸೆಯೂ ಅಷ್ಟೇ ಸಹಜವಾದುದು. ಅಂಗಳದ ತುಳಸಿ, ಹಿತ್ತಿಲಿನ ಮಲ್ಲಿಗೆ, ಕೊಟ್ಟಿಗೆಯ ಹಸು, ಬಾಗಿಲ ಬಳಿ ಮಲಗುವ ನಾಯಿ ಇವುಗಳ ಪೂರ್ವಿಕರೆಲ್ಲ ಒಂದಾನೊಂದು ಕಾಲದಲ್ಲಿ ಕಾಡಿನಲ್ಲಿದ್ದವರೇ. ಸಾವಿರಾರು ವರ್ಷಗಳ ಒಡನಾಟದಿಂದ ಅವು ಮನುಷ್ಯನ ಮನೆಯನ್ನು ತಮ್ಮ ಮನೆಯಾಗಿ ಮಾಡಿಕೊಂಡಿವೆ. ಆದರೆ ಎಲ್ಲ ಜೀವಿಗಳೂ ಹೀಗೆ ಒಲಿದು ಬಂದವುಗಳಲ್ಲ. ಪಂಜರದ ಗಿಳಿ ಮನೆಯಲ್ಲಿದೆ. ಆದರೆ ಅದು ಮನೆಯದಲ್ಲ. ಪ್ರೀತಿಸುವುದು ಬೇರೆ, ಪಡೆದುಕೊಳ್ಳುವುದು ಬೇರೆ ಎಂಬ ಮಾತು ಕೇಳಲು ಸುಲಭ. ನಡೆಯಲ್ಲಿ ತರುವುದು ಕಷ್ಟ. ಈ ಕಷ್ಟವನ್ನು ಸ್ಪಷ್ಟವಾಗಿ ತೋರಿಸಬಲ್ಲ ಜೀವಿಯೊಂದಿದೆ. ಅದೇ ಹವಳ.

ಹವಳವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಕೆಂಪು ಮಣಿ. ನವರತ್ನಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಮುತ್ತಿನ ಜೊತೆಗೆ ಹವಳವನ್ನು ಪೋಣಿಸಿದ ಸರ ಹಳೆಯ ಕಾಲದ ಮದುಮಗಳ ಕೊರಳಿನ ಶೋಭೆಯಾಗಿತ್ತು. ರೋಮನರು ಭಾರತದ ಮುತ್ತಿಗೆ ಮರುಳಾದಂತೆ ಭಾರತೀಯರು ಮೆಡಿಟರೇನಿಯನ್ ಕಡಲಿನ ಹವಳಕ್ಕೆ ಬೆಲೆ ಕೊಡುತ್ತಾರೆಂದು ರೋಮಿನ ಪ್ಲಿನಿ ಎಂಬ ವಿದ್ವಾಂಸ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಹೀಗೆ ಎರಡು ಸಾವಿರ ವರ್ಷಗಳಿಂದ ಹವಳವನ್ನು ಧರಿಸಿದ ಜನರಲ್ಲಿ ಬಹುಮಂದಿ ಅದನ್ನು ಕಲ್ಲೆಂದೇ ತಿಳಿದಿದ್ದರು. ಯುರೋಪಿನ ಪಂಡಿತರು ಅದನ್ನು ಸಸ್ಯವೆಂದು ವಾದಿಸುತ್ತಿದ್ದರು. 1720ರ ದಶಕದಲ್ಲಿ ಪೆಸ್ಸೊನೆಲ್ ಎಂಬ ಫ್ರೆಂಚ್ ವೈದ್ಯನು, ಹವಳವನ್ನು ಕಟ್ಟುವುದು ಒಂದು ಪ್ರಾಣಿ ಎಂದು ಹೇಳಿದಾಗ ವಿದ್ವತ್ಸಭೆ ಅವನ ಮಾತನ್ನು ನಂಬಲಿಲ್ಲ. ಸತ್ಯವು ಅಂಗೀಕಾರವಾಗಲು ಹಲವು ವರ್ಷಗಳೇ ಬೇಕಾದವು.

ಹವಳದ ಜೀವಿ ಬಲು ಚಿಕ್ಕದು. ಹೂವಿನಂತೆ ಅರಳಿದ ಬಾಯಿ, ಅದರ ಸುತ್ತ ಮೃದುವಾದ ಕರಬಳ್ಳಿಗಳು, ಕೆಳಗೆ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು ಇವಿಷ್ಟೇ ಅದರ ಸಂಸಾರ. ಇಂಥ ಸಾವಿರಾರು ಜೀವಿಗಳು ಒಂದರ ಪಕ್ಕಕ್ಕೆ ಒಂದು ಅಂಟಿಕೊಂಡು ಬಾಳುತ್ತವೆ. ಬೆಚ್ಚನೆಯ, ತಿಳಿಯಾದ, ಆಳವಿಲ್ಲದ ಕಡಲುಗಳಲ್ಲಿ ದಿಬ್ಬ ಕಟ್ಟುವ ಹವಳಗಳ ಒಡಲೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ಮನೆ ಮಾಡಿಕೊಂಡಿರುತ್ತವೆ. ಪಾಚಿ ಬಿಸಿಲನ್ನು ಹೀರಿ ಆಹಾರವನ್ನು ತಯಾರಿಸಿ ಅದರಲ್ಲಿ ಬಹುಭಾಗವನ್ನು ಹವಳಕ್ಕೆ ಕೊಡುತ್ತದೆ. ಹವಳವು ಪಾಚಿಗೆ ಆಶ್ರಯವನ್ನೂ ತನ್ನ ಉಸಿರಿನ ಇಂಗಾಲಾಮ್ಲವನ್ನೂ ಕೊಡುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ಬಾಳಿನಿಂದ ಕಡಲಿನಲ್ಲಿ ಬಹುದೊಡ್ಡ ನಿರ್ಮಾಣವೊಂದು ನಡೆಯುತ್ತದೆ. ಗುಂಡಾಗಿ ಬೆಳೆಯುವ ಹವಳವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಆದರೂ ತಲೆಮಾರಿನ ಮೇಲೆ ತಲೆಮಾರು ಬೆಳೆದು ಅದು ದ್ವೀಪಗಳನ್ನೇ ಕಟ್ಟಿದೆ. ಕಡಲ ತಳದ ನೂರರಲ್ಲಿ ಒಂದು ಪಾಲನ್ನೂ ಆವರಿಸದ ಹವಳದ ದಿಬ್ಬಗಳು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ನೆಲೆಯಾಗಿವೆ.

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯಿಂದ ಕಡಲು ಸುಮಾರು ಇನ್ನೂರು ಕಿಲೋಮೀಟರು ದೂರ. ನಡುವೆ ಸಹ್ಯಾದ್ರಿಯ ಶ್ರೇಣಿ ಅಡ್ಡ ನಿಂತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಗೂ ಹವಳಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆ. ಅರಬ್ಬೀ ಸಮುದ್ರದ ಲಕ್ಷದ್ವೀಪವು ಹವಳದ ಜೀವಿಗಳು ಕಟ್ಟಿದ ನಾಡು. ಅಲ್ಲಿಯ 36 ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ 32 ಚದರ ಕಿಲೋಮೀಟರು ಮಾತ್ರ. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ಹವಳದ ಮರಳಿನ ಮೇಲೆ ಅಲ್ಲಿ ಬೆಳೆಯುವ ಮುಖ್ಯ ಬೆಳೆ ತೆಂಗು. ಅಮಿನಿ, ಕಡಮತ್ ಮೊದಲಾದ ಅಮೀನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಕೊಬ್ಬರಿ ಮತ್ತು ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿದ್ದವು. ಮಂಗಳೂರಿನಿಂದ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ತಿಪಟೂರಿನ ಅಟ್ಟದ ಮೇಲೆ ಒಣಗುವ ಉಂಡೆ ಕೊಬ್ಬರಿಗೂ ಹವಳದ ದ್ವೀಪದ ಕೊಬ್ಬರಿಗೂ ಮರ ಒಂದೇ. ಒಂದರ ಬೇರು ಕೆಮ್ಮಣ್ಣಿನಲ್ಲಿದೆ, ಇನ್ನೊಂದರ ಬೇರು ಹವಳದ ಪುಡಿಯಲ್ಲಿದೆ. ಅಲೆಗಳ ಹೊಡೆತವನ್ನು ಹವಳದ ದಿಬ್ಬವು ತಡೆಯದಿದ್ದರೆ ಆ ದ್ವೀಪಗಳೂ ಇಲ್ಲ, ಅಲ್ಲಿಯ ತೆಂಗೂ ಇಲ್ಲ, ಅದನ್ನು ನಂಬಿದ ಮನೆಗಳೂ ಇಲ್ಲ. ಆದ್ದರಿಂದ ಹವಳದ ಪ್ರಶ್ನೆ ಕೇವಲ ಕಡಲ ತೀರದವರ ಪ್ರಶ್ನೆಯಲ್ಲ. ತೆಂಗನ್ನು ನಂಬಿದವರೆಲ್ಲರೂ ಅರ್ಥಮಾಡಿಕೊಳ್ಳಬಲ್ಲ ಪ್ರಶ್ನೆ.

ಈಚಿನ ದಶಕಗಳಲ್ಲಿ ಜಗತ್ತಿನ ಅನೇಕ ದೇಶಗಳಲ್ಲಿ ಜೀವಂತ ಹವಳವನ್ನು ಮನೆಯ ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಹವ್ಯಾಸವು ಬೆಳೆದಿದೆ. ಭಾರತದ ದೊಡ್ಡ ನಗರಗಳಿಗೂ ಕಡಲ ನೀರಿನ ತೊಟ್ಟಿಗಳು ಬಂದಿವೆ. ನೀಲಿ ಬೆಳಕಿನಲ್ಲಿ ಹಸಿರು, ನೇರಳೆ, ಕಿತ್ತಳೆ ಬಣ್ಣಗಳಿಂದ ಹೊಳೆಯುವ ಹವಳವನ್ನು ಕಂಡವರು ಬೆರಗಾಗದಿರುವುದು ಕಷ್ಟ. ಹೀಗೆ ಸಾಕುವುದು ಸರಿಯೇ ಎಂಬ ಪ್ರಶ್ನೆ ಆ ಬೆರಗಿನಿಂದಲೇ ಹುಟ್ಟುತ್ತದೆ.

ಈ ಹವ್ಯಾಸದ ಚರಿತ್ರೆಯಲ್ಲಿಯೇ ಒಂದು ಪಾಠವಿದೆ. 1846ರಲ್ಲಿ ಅನ್ನಾ ತಿನ್ ಎಂಬ ಮಹಿಳೆ ಇಂಗ್ಲೆಂಡಿನ ದಕ್ಷಿಣ ತೀರದಿಂದ ಹವಳದ ಜಾತಿಯ ಜೀವಿಗಳನ್ನು ಲಂಡನ್ನಿಗೆ ತಂದು ಗಾಜಿನ ಪಾತ್ರೆಯಲ್ಲಿಟ್ಟು ಸಾಕಿದಳು. ನೀರಿಗೆ ಗಾಳಿ ಬೆರೆಯಲೆಂದು ಮನೆಯ ಸೇವಕಿಯು ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿರಬೇಕಾಗಿತ್ತು. ಒಂದು ಚಿಕ್ಕ ಜೀವಿಯನ್ನು ಉಳಿಸಲು ಎಷ್ಟು ದುಡಿಮೆ ಬೇಕೆಂಬುದನ್ನು ಆ ಮನೆ ಅಂದೇ ಕಂಡಿತ್ತು. ಬಳಿಕ 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿಯು ಮರುವರ್ಷ ಪ್ರಕಟಿಸಿದ ಗ್ರಂಥವು ಅಕ್ವೇರಿಯಂ ಎಂಬ ಹೆಸರನ್ನು ಮನೆಮಾತಾಗಿಸಿತು. ಗಾಸ್ ಕಡಲ ಜೀವಿಗಳನ್ನು ಹೃದಯತುಂಬಿ ಪ್ರೀತಿಸಿದವನು. ಅವನ ಪುಸ್ತಕಗಳನ್ನು ಓದಿದ ಜನರು ಬುಟ್ಟಿ, ಉಳಿ, ಸುತ್ತಿಗೆಗಳನ್ನು ಹಿಡಿದು ತೀರದ ಬಂಡೆಗಳ ಕಡೆಗೆ ಧಾವಿಸಿದರು. ಕೆಲವೇ ವರ್ಷಗಳಲ್ಲಿ ಆ ಬಂಡೆಗಳ ನಡುವಣ ನೀರಿನ ಕುಳಿಗಳು ಬರಿದಾದವು. ಹೂದೋಟದಂತಿದ್ದ ತೀರವು ಹಾಳಾದುದನ್ನೂ, ಅದಕ್ಕೆ ತಾನೇ ಅರಿಯದೆ ಕಾರಣನಾದೆನೆಂದು ತಂದೆ ಕೊರಗಿದುದನ್ನೂ ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಆ ತೀರವನ್ನು ಬರಿದುಮಾಡಿದವರು ದ್ವೇಷದಿಂದ ಮಾಡಿದವರಲ್ಲ, ಪ್ರೀತಿಯಿಂದ ಮಾಡಿದವರು. ತಿಳಿವಳಿಕೆಯಿಲ್ಲದ ಪ್ರೀತಿಯೂ ಹಾನಿ ಮಾಡಬಲ್ಲದು ಎಂಬುದೇ ಆ ಪಾಠ.

ಚಿಕ್ಕನಾಯಕನಹಳ್ಳಿಯ ಮನೆಯೊಂದರಲ್ಲಿ ಹವಳದ ತೊಟ್ಟಿಯನ್ನು ಇಡುವುದಾದರೆ ಏನೇನು ಬೇಕಾಗುವುದೆಂದು ಲೆಕ್ಕ ಹಾಕಿ ನೋಡಬಹುದು. ಮೊದಲನೆಯದು ನೀರು. ಆ ಸೀಮೆಯ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ತುಮಕೂರು ಜಿಲ್ಲೆಯ ಹಲವೆಡೆ ಅದರಲ್ಲಿ ಫ್ಲೋರೈಡಿನ ಅಂಶವೂ ಹೆಚ್ಚು. ಅದನ್ನು ನೇರವಾಗಿ ಬಳಸುವಂತಿಲ್ಲ. ಶುದ್ಧೀಕರಣ ಯಂತ್ರದಲ್ಲಿ ಸೋಸಿ, ಅದರೊಳಗಿನ ಲವಣಗಳನ್ನೆಲ್ಲ ತೆಗೆದು, ಬಳಿಕ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲಿನ ಲವಣಗಳ ಮಿಶ್ರಣವನ್ನು ಬೆರೆಸಬೇಕು. ಒಂದು ಲೀಟರು ಶುದ್ಧ ನೀರಿಗಾಗಿ ಮನೆಯ ಸಾಮಾನ್ಯ ಯಂತ್ರವು ಎರಡು ಮೂರು ಲೀಟರು ನೀರನ್ನು ಹೊರಗೆ ಚೆಲ್ಲುತ್ತದೆ. ಕಳೆದ ದಶಕದ ಬರಗಾಲಗಳಲ್ಲಿ ನೀರಿಲ್ಲದೆ ಸುಳಿ ಒಣಗಿದ ತೆಂಗಿನ ಮರಗಳನ್ನು ಕಂಡ ಊರಿನಲ್ಲಿ ಈ ಲೆಕ್ಕಕ್ಕೆ ಒಂದು ಅರ್ಥವಿದೆ.

ಎರಡನೆಯದು ಸ್ಥಿರತೆ. ಕಡಲು ಅಪಾರವಾದುದರಿಂದ ಅದರ ಉಷ್ಣತೆಯಾಗಲಿ ಉಪ್ಪಾಗಲಿ ಒಂದು ದಿನದಲ್ಲಿ ಬದಲಾಗುವುದಿಲ್ಲ. ನೂರು ಲೀಟರಿನ ತೊಟ್ಟಿಯಲ್ಲಿ ಬೇಸಗೆಯ ಒಂದು ಮಧ್ಯಾಹ್ನ ಸಾಕು, ಎಲ್ಲವೂ ಬದಲಾಗುತ್ತದೆ. ನೀರು ಆವಿಯಾದಂತೆಲ್ಲ ಉಪ್ಪು ಹೆಚ್ಚುತ್ತದೆ. ಹೆಚ್ಚಿನ ಹವಳಗಳಿಗೆ ಹಿತವಾದ ಉಷ್ಣತೆ 23ರಿಂದ 29 ಡಿಗ್ರಿ ಸೆಲ್ಸಿಯಸ್. ಮಾಮೂಲಿ ಬೇಸಗೆಗಿಂತ ಒಂದೆರಡು ಡಿಗ್ರಿ ಹೆಚ್ಚಿನ ಶಾಖವು ಕೆಲವು ವಾರ ನಿಂತರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಗೆ ದೂಡಿ ಬಿಳಿಚಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶವು ಲೀಟರಿಗೆ ನಾನೂರು ಮಿಲಿಗ್ರಾಮಿಗೂ ಮೇಲ್ಪಟ್ಟು ಇರಬೇಕು. ಹವಳವು ಬೆಳೆಯುತ್ತ ಅದನ್ನು ಹೀರಿಕೊಳ್ಳುವುದರಿಂದ ಮತ್ತೆ ಮತ್ತೆ ಅಳೆದು ತುಂಬಬೇಕು. ನೀರು ಸದಾ ಅಲೆಯಾಡುತ್ತಿರಬೇಕು. ಬೆಳಕು ಸರಿಯಾದ ಬಣ್ಣದಲ್ಲಿ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿನವರೆಗೆ ಬೀಳುತ್ತಿರಬೇಕು. ಇವೆಲ್ಲಕ್ಕೂ ಹಗಲಿರುಳು ವಿದ್ಯುಚ್ಛಕ್ತಿ ಬೇಕು. ಮಳೆಗಾಳಿಗೆ ಕಂಬ ಉರುಳಿ ಒಂದು ಇಡೀ ದಿನ ವಿದ್ಯುತ್ತು ನಿಂತರೆ ಮನೆಯವರಿಗೆ ಕತ್ತಲೆಯ ತೊಂದರೆ ಮಾತ್ರ. ತೊಟ್ಟಿಯ ಜೀವಿಗಳಿಗೆ ಅದು ಉಸಿರಿನ ಪ್ರಶ್ನೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಆಹಾರ. ಹವಳಗಳೆಲ್ಲವೂ ಒಂದೇ ಸ್ವಭಾವದವಲ್ಲ. ಕೆಲವು ಜಾತಿಗಳು ಗಟ್ಟಿಮುಟ್ಟಾದವು. ಅವುಗಳ ಒಂದು ತುಣುಕನ್ನು ಮುರಿದು ಬೇರೆಡೆ ಅಂಟಿಸಿದರೆ ಅಲ್ಲಿಯೇ ಚಿಗುರುತ್ತವೆ. ಕೆಲವು ಜಾತಿಗಳು ಹಾಗಲ್ಲ. ಹೂಕುಂಡದಂತೆ ಅರಳುವ ಗೋನಿಯೊಪೋರ ಎಂಬ ಹವಳವು ಬಹುಕಾಲ ಸಾಕುವವರ ಕೈಯಲ್ಲಿ ತಿಂಗಳುಗಳಲ್ಲಿಯೇ ಸಾಯುತ್ತಿತ್ತು. ಡೆಂಡ್ರೊನೆಫ್ಥಿಯ ಎಂಬ ಮೃದು ಹವಳದ ಒಡಲಿನಲ್ಲಿ ಆಹಾರ ಕೊಡುವ ಪಾಚಿಯೇ ಇಲ್ಲ. ಹರಿಯುವ ಕಡಲಿನ ಸೂಕ್ಷ್ಮಜೀವಿಗಳನ್ನು ಅದು ಎಡೆಬಿಡದೆ ಹಿಡಿದು ತಿನ್ನುತ್ತಿರಬೇಕು. ತೊಟ್ಟಿಯಲ್ಲಿ ಅಷ್ಟು ಆಹಾರವನ್ನು ಸುರಿದರೆ ನೀರು ಕೆಡುತ್ತದೆ. ಸುರಿಯದಿದ್ದರೆ ಜೀವಿ ಉಪವಾಸ ಬೀಳುತ್ತದೆ. ಹಸಿದ ಹಸು ಅಂಬಾ ಎನ್ನುತ್ತದೆ, ಹಸಿದ ನಾಯಿ ಬಾಗಿಲಿಗೆ ಬರುತ್ತದೆ. ಹವಳಕ್ಕೆ ದನಿಯಿಲ್ಲ. ಮೊದಲ ಕೆಲವು ವಾರ ಅದು ಚೆನ್ನಾಗಿಯೇ ಅರಳಿರುತ್ತದೆ. ಒಡೆಯನು ಗೆದ್ದೆನೆಂದು ಹಿಗ್ಗುತ್ತಿರುವಾಗ ಅದು ತನ್ನ ಒಡಲನ್ನೇ ಕರಗಿಸಿಕೊಂಡು ಬದುಕುತ್ತಿರುತ್ತದೆ. ಒಂದು ದಿನ ಬಣ್ಣ ಮಾಸಿ ಬರಿಯ ಸುಣ್ಣದ ಗೂಡು ಉಳಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಕಿಲ್ಲ.

ಇಷ್ಟರಿಂದಲೇ ಒಂದು ನೀತಿ ಸ್ಪಷ್ಟವಾಗುತ್ತದೆ. ಹಾಡಲು ಕಲಿಯುವವನು ಅಪಸ್ವರ ಹಾಡಿದರೆ ಕೆಡುವುದು ಹಾಡು ಮಾತ್ರ. ಚಿತ್ರ ಬರೆಯಲು ಕಲಿಯುವವನು ತಪ್ಪಿದರೆ ಹಾಳಾಗುವುದು ಕಾಗದ. ಕಷ್ಟದ ಹವಳವನ್ನು ಸಾಕಲು ಕಲಿಯುವವನು ತಪ್ಪಿದರೆ ಅದರ ಬೆಲೆಯನ್ನು ತೆರುವುದು ಅವನಲ್ಲ, ಇನ್ನೊಂದು ಜೀವ. ತಪ್ಪಿನ ಭಾರವು ತಪ್ಪಿದವನ ಮೇಲೆ ಬೀಳದ ಕಡೆಯಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು. ಹಣವಿರುವುದು ಅರ್ಹತೆಯಲ್ಲ, ಆಸೆಯಿರುವುದು ಅಧಿಕಾರವಲ್ಲ.

ತೊಟ್ಟಿಯೊಳಗಿನ ಸಾವಿಗಿಂತ ತೊಟ್ಟಿಯ ಹೊರಗಿನ ಪರಿಣಾಮವು ಇನ್ನೂ ದೊಡ್ಡದು. ಒಂದು ಹವಳ ಸತ್ತರೆ ಆ ಜಾಗಕ್ಕೆ ಇನ್ನೊಂದನ್ನು ತರಿಸುವುದುಂಟು. ಹೀಗಾಗಿ ಸಾಕುವವನ ಸೋಲೇ ಮಾರುವವನಿಗೆ ಗಿರಾಕಿಯನ್ನು ಒದಗಿಸುತ್ತದೆ. ಜಗತ್ತಿನ ಪೇಟೆಗೆ ಜೀವಂತ ಹವಳವನ್ನು ಕಳುಹಿಸುವ ದೇಶಗಳಲ್ಲಿ ಇಂಡೊನೇಷ್ಯ ಪ್ರಮುಖವಾದುದು. ಫಿಲಿಪ್ಪೀನ್ಸಿನಲ್ಲಿ ಬಣ್ಣದ ಮೀನುಗಳನ್ನು ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ವಿಷವನ್ನು ಚಿಮ್ಮಿಸುವ ಪದ್ಧತಿಯು 1960ರ ದಶಕದಲ್ಲಿ ಆರಂಭವಾಯಿತು. ಬಳಿಕ ಇಂಡೊನೇಷ್ಯಕ್ಕೂ ಹಬ್ಬಿತು. ಮೀನು ಮಂಕಾಗಿ ಕೈಗೆ ಸಿಕ್ಕುತ್ತದೆ. ಅದು ಅಡಗಿದ್ದ ಹವಳ ಸಾಯುತ್ತದೆ. ದೂರದ ನಗರದಲ್ಲಿ ತೊಟ್ಟಿಯ ಮುಂದೆ ಕುಳಿತವರ ಕಣ್ಣಿಗೆ ಈ ನಷ್ಟ ಬೀಳುವುದಿಲ್ಲ. ಆ ದ್ವೀಪಗಳ ಬಡ ಬೆಸ್ತರನ್ನು ಮಾತ್ರ ದೂಷಿಸುವುದೂ ನ್ಯಾಯವಲ್ಲ, ಕೊಳ್ಳುವವನಿಲ್ಲದೆ ಮಾರುವವನಿಲ್ಲ.

ಭಾರತದಲ್ಲಿಯೂ ಹವಳದ ದಿಬ್ಬಗಳು ಪೆಟ್ಟು ತಿಂದಿವೆ. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಸುಣ್ಣಕ್ಕಾಗಿ, ಕಟ್ಟಡದ ಕಲ್ಲಿಗಾಗಿ ಹಲವು ದಶಕಗಳ ಕಾಲ ಹವಳವನ್ನು ಅಗೆದು ತೆಗೆದರು. 1986ರಲ್ಲಿ ಅಲ್ಲಿಯ 21 ದ್ವೀಪಗಳನ್ನು ಸೇರಿಸಿ ಕಡಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆದರೆ ದಿಬ್ಬದ ರಕ್ಷಣೆಯನ್ನು ಕಳೆದುಕೊಂಡ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿಹೋದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕರಿ ಹವಳ, ಬೆಂಕಿ ಹವಳ ಮತ್ತು ಕಡಲ ಬೀಸಣಿಗೆಗಳು ಸೇರಿದವು. ಹುಲಿಗೂ ಆನೆಗೂ ಕೊಟ್ಟಿರುವ ರಕ್ಷಣೆಯನ್ನೇ ಕಾನೂನು ಹವಳಕ್ಕೂ ಕೊಟ್ಟಿದೆ. ಅದನ್ನು ಕಡಲಿನಿಂದ ಕೀಳುವವರಿಗೂ ಮಾರುವವರಿಗೂ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಒಪ್ಪಿಕೊಂಡ ಒಡಂಬಡಿಕೆಯು ನಿಯಂತ್ರಿಸುತ್ತದೆ. ಭಾರತವು ಅದಕ್ಕೆ 1976ರಲ್ಲಿ ಸೇರಿತು. ಆ ಒಡಂಬಡಿಕೆಯ ಪಟ್ಟಿಯಲ್ಲಿರುವ ವಿದೇಶದ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2022ರ ತಿದ್ದುಪಡಿಯು ವಿಧಿಸಿದೆ. ಕಾನೂನು ಹೀಗಿದ್ದರೂ ಅದು ಕಾವಲುಗಾರನಿದ್ದಂತೆ. ಮನಸ್ಸಿನ ಒಪ್ಪಿಗೆಯಿಲ್ಲದೆ ಅದೊಂದೇ ಕಡಲನ್ನು ಕಾಯಲಾರದು.

ಹವಳ ಸಾಕುವವರ ಪರವಾಗಿಯೂ ಹೇಳಬಹುದಾದ ಮಾತುಗಳಿವೆ. ಅವನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ. ಕಣ್ಣಾರೆ ಕಾಣದ ಜೀವಿಯನ್ನು ಜನರು ಪ್ರೀತಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಹವಳವನ್ನು ಬದುಕಿಸುವ ವಿದ್ಯೆಯಲ್ಲಿ ಬಹುಭಾಗವನ್ನು ಹವ್ಯಾಸಿಗಳೇ ರೂಢಿಸಿದರೆಂದೂ ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಇಂದು ಅನೇಕ ಹವಳಗಳನ್ನು ಕಡಲಿಂದ ಕೀಳದೆ, ತೊಟ್ಟಿಯಲ್ಲಿ ಬೆಳೆದ ತಾಯಿಹವಳದ ತುಣುಕುಗಳಿಂದಲೇ ಬೆಳೆಸುತ್ತಾರೆ. 2019ರಲ್ಲಿ ಅಮೆರಿಕದ ಫ್ಲಾರಿಡ ರಾಜ್ಯದ ಮತ್ಸ್ಯಾಗಾರವೊಂದರಲ್ಲಿ, ಅಳಿವಿನ ಅಂಚಿನಲ್ಲಿದ್ದ ಕಂಬದಾಕಾರದ ಹವಳವು ವಿಜ್ಞಾನಿಗಳು ಏರ್ಪಡಿಸಿದ ಬೆಳಕು, ಬೆಳುದಿಂಗಳು, ಶಾಖಗಳ ಅನುಕರಣೆಯಿಂದ ಮೊಟ್ಟೆಯಿಟ್ಟಿತು. 2023ರ ಬೇಸಗೆಯಲ್ಲಿ ಅದೇ ತೀರದ ಕಡಲು ಮಿತಿಮೀರಿ ಬಿಸಿಯಾದಾಗ ವಿಜ್ಞಾನಿಗಳು ಸಾವಿರಾರು ಹವಳಗಳನ್ನು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿ ಉಳಿಸಿದರು. ಪ್ರವಾಹದ ಕಾಲದಲ್ಲಿ ನಾವೆಯಂತೆ ತೊಟ್ಟಿಯು ಜೀವವನ್ನು ಕಾಯಬಲ್ಲದು.

ಆದರೆ ಈ ವಾದವು ಎಷ್ಟು ದೂರ ಸಲ್ಲುತ್ತದೆಯೋ ಅಷ್ಟೇ ದೂರ ಅದನ್ನು ಒಯ್ಯಬೇಕು. ಪ್ರಯೋಗವೆಂದರೆ ತಿಳಿಯದುದನ್ನು ತಿಳಿಯಲು ಮಾಡುವ ಕೆಲಸ. ಅದರಲ್ಲಿ ಅಳತೆಯಿದೆ, ದಾಖಲೆಯಿದೆ, ಕಲಿತುದನ್ನು ಇತರರಿಗೆ ಹಂಚುವ ಹೊಣೆಯಿದೆ. ಇತರರು ನೂರು ಸಲ ಸೋತ ದಾರಿಯಲ್ಲಿ ನೂರೊಂದನೆಯ ಸಲ ಸೋಲುವುದು ಪ್ರಯೋಗವಲ್ಲ. ಬದುಕಿಸುವ ವಿದ್ಯೆ ಬಲ್ಲವರು, ಕಾನೂನಿನ ಒಪ್ಪಿಗೆ ಪಡೆದು, ತೊಟ್ಟಿಯಲ್ಲಿಯೇ ಬೆಳೆದ ಗಟ್ಟಿಮುಟ್ಟಾದ ಜಾತಿಗಳನ್ನು ಸಾಕುವುದು ಒಂದು ಬಗೆ. ಕಡಲಿನ ದಿಬ್ಬದಿಂದ ಕಿತ್ತು ತಂದ, ತೊಟ್ಟಿಯಲ್ಲಿ ಬಾಳದೆಂದು ತಿಳಿದಿರುವ ಜಾತಿಯನ್ನು ಅತಿಥಿಗಳ ಮೆಚ್ಚುಗೆಗಾಗಿ ತಂದಿರಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ವಿದ್ಯೆಯೆಂದು ಕರೆಯಬಹುದು, ಎರಡನೆಯದು ಆಡಂಬರ. ಅಪರೂಪವಾದುದು ಕಷ್ಟವೂ ಆಗಿದ್ದರೆ ಅದನ್ನು ಹೊಂದುವುದರಲ್ಲಿ ಹೆಮ್ಮೆಯಿದೆ ಎಂಬ ಭಾವನೆಯೇ ಇದರ ಮೂಲ. ಆ ಹೆಮ್ಮೆ ಹುಲಿಯ ಚರ್ಮವನ್ನು ಗೋಡೆಗೆ ತೂಗುಹಾಕುತ್ತಿದ್ದವರ ಹೆಮ್ಮೆಗಿಂತ ಬಹಳ ಬೇರೆಯದಲ್ಲ.

ಕಡಲು ಬಿಸಿಯಾಗಿ ಹವಳಗಳು ಹೇಗೂ ನಾಶವಾಗುತ್ತಿವೆ, ಒಂದೆರಡನ್ನು ಮನೆಗೆ ತಂದರೆ ಏನು ನಷ್ಟ ಎಂಬ ಇನ್ನೊಂದು ವಾದವುಂಟು. ಕಡಲಿನ ಸಂಕಟ ನಿಜ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಶಾಖದಿಂದ ಬಿಳಿಚಿಕೊಂಡು ಅಪಾರ ಸಂಖ್ಯೆಯಲ್ಲಿ ಸತ್ತವು. ಜಗತ್ತಿನ ಕಡಲುಗಳಲ್ಲೆಲ್ಲ ಹವಳಗಳು ಬಿಳಿಚಿಕೊಳ್ಳುತ್ತಿರುವ ನಾಲ್ಕನೆಯ ಮಹಾಘಟನೆಯನ್ನು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಘೋಷಿಸಿದರು. ಇವುಗಳ ಮುಂದೆ ತೊಟ್ಟಿಯ ವ್ಯಾಪಾರ ಮಾಡುವ ಹಾನಿ ಚಿಕ್ಕದೆಂಬುದನ್ನೂ ಒಪ್ಪಬೇಕು. ಆದರೆ ಮನೆಗೆ ಬೆಂಕಿ ಬಿದ್ದಾಗ ಗಳ ಹಿರಿಯುವುದು ವಿವೇಕವಲ್ಲ. ಶಾಖದ ಪೆಟ್ಟಿನಿಂದ ಚೇತರಿಸಿಕೊಳ್ಳಲು ಹವಳದ ದಿಬ್ಬಕ್ಕೆ ಹತ್ತಾರು ವರ್ಷಗಳ ಕಾಲಾವಕಾಶ ಬೇಕು. ಅಳಿದುಳಿದ ಹವಳಗಳೇ ಅದಕ್ಕೆ ಬಿತ್ತನೆಯ ಬೀಜ. ಬರಗಾಲದಲ್ಲಿ ಬಿತ್ತನೆಯ ಬೀಜವನ್ನು ಮುಟ್ಟಬಾರದೆಂಬುದು ಬೇಸಾಯಗಾರನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಎಡೆಯಿಂದ ಎಡೆಗೆ ಜೀವಿಗಳನ್ನು ಸಾಗಿಸುವುದರ ಅಪಾಯವನ್ನೂ ತೆಂಗಿನ ಸೀಮೆ ಚೆನ್ನಾಗಿ ಬಲ್ಲದು. ಕಾಯಿಯ ತೊಟ್ಟಿನಡಿಯಲ್ಲಿ ಅಡಗಿ ರಸ ಹೀರುವ ನುಸಿಯು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 1998ರಲ್ಲಿ, ಕೇರಳದಲ್ಲಿ. ಕಣ್ಣಿಗೆ ಕಾಣದ ಆ ಹುಳು ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳಿಗೂ ಹಬ್ಬಿ ಬೆಳೆಗಾರರನ್ನು ಕಂಗೆಡಿಸಿತು. ತೊಟ್ಟಿಯ ಜೀವಿಗಳ ಕಥೆಯೂ ಇಂಥದೇ. ಹಿಂದೂ ಮತ್ತು ಶಾಂತ ಮಹಾಸಾಗರಗಳ ಸಿಂಹಮೀನು ಸಾಕಣೆದಾರರ ತೊಟ್ಟಿಗಳಿಂದ ಅಟ್ಲಾಂಟಿಕ್ ಸಾಗರಕ್ಕೆ ಸೇರಿ, 1985ರಲ್ಲಿ ಫ್ಲಾರಿಡದ ಬಳಿ ಕಾಣಿಸಿಕೊಂಡು, ಇಂದು ಆ ಕಡಲಿನ ಮರಿಮೀನುಗಳಿಗೆ ಮೃತ್ಯುವಾಗಿದೆ. ತೊಟ್ಟಿಯ ಗಾಜನ್ನು ಶುಚಿಯಾಗಿಡಲೆಂದು ತಂದ ದಕ್ಷಿಣ ಅಮೆರಿಕದ ಮೀನುಗಳು ಬೇಸರಗೊಂಡ ಒಡೆಯರ ಕೈಯಿಂದ ಭಾರತದ ಕೆರೆಗಳನ್ನು ಸೇರಿ ಬೆಸ್ತರ ಬಲೆಗಳನ್ನು ಹರಿಯುತ್ತಿವೆ. ಕರುಣೆಯಿಂದ ಕೆರೆಗೆ ಬಿಟ್ಟೆನೆಂದು ಹೇಳುವವರು ಆ ಕೆರೆಯ ಸ್ವಂತ ಮೀನುಗಳಿಗೆ ಯಾವ ಕರುಣೆಯನ್ನೂ ತೋರಿದಂತಾಗುವುದಿಲ್ಲ.

ಹಾಗಾದರೆ ಚೆಲುವನ್ನು ಬಯಸುವ ಮನಸ್ಸು ಏನು ಮಾಡಬೇಕು? ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ಉತ್ತರ ಕನ್ನಡದ ಮುರುಡೇಶ್ವರದ ಆಚೆ, ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತಣ ನೀರಿನಲ್ಲಿ ಹವಳಗಳೂ ಬಣ್ಣದ ಮೀನುಗಳೂ ಇವೆ. ತರಬೇತಾದವರ ಜೊತೆ ಅಲ್ಲಿ ಮುಳುಗಿ, ಮುಟ್ಟದೆ, ಮುರಿಯದೆ ನೋಡಿ ಬರಬಹುದು. ಅಷ್ಟು ದೂರ ಹೋಗಲಾಗದವರಿಗೆ ಊರ ಕೆರೆಯಿದೆ. ಬೋರನಕಣಿವೆಯ ಜಲಾಶಯವಾಗಲಿ, ಮಳೆ ಬಂದ ವರ್ಷ ತುಂಬುವ ಹಳ್ಳಿಯ ಕೆರೆಯಾಗಲಿ ಜೀವಿಗಳಿಲ್ಲದ ನೀರಲ್ಲ. ದಡದಲ್ಲಿ ಒಂದು ಗಂಟೆ ಸುಮ್ಮನೆ ಕುಳಿತವರಿಗೆ ಕಾಣುವ ಮೀನಿನ ಮರಿ, ಕಪ್ಪೆಯ ಗೊದಮೊಟ್ಟೆ, ನೀರ ಮೇಲೆ ನಡೆಯುವ ಹುಳು, ಏಡಿಯ ಬಿಲ ಇವುಗಳ ಬಾಳನ್ನು ಪೂರ್ತಿ ಅರಿಯಲು ಒಂದು ಆಯುಷ್ಯ ಸಾಲದು. ನೋಡಿ ಬರೆದಿಡುವ ಅಭ್ಯಾಸವು ಕೂಡಿಡುವ ಅಭ್ಯಾಸಕ್ಕಿಂತ ಅಗ್ಗವಾದುದು. ಅದು ಕೊಡುವ ಜ್ಞಾನವೂ ಹೆಚ್ಚಿನದು.

ತೊಟ್ಟಿಯನ್ನು ಇಟ್ಟೇ ಇಡಬೇಕೆನ್ನುವವರು ತಮ್ಮನ್ನು ತಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಜೀವಿ ಎಲ್ಲಿಂದ ಬಂತು? ಇಲ್ಲಿ ಅದು ತನ್ನ ಪೂರ್ಣ ಆಯುಷ್ಯವನ್ನು ಬಾಳಬಲ್ಲದೇ? ಸಾಕುವವನಿಗೆ ಬೇಸರವಾದಾಗ ಅಥವಾ ಅವನು ಊರು ಬಿಟ್ಟಾಗ ಅದರ ಗತಿಯೇನು? ಮೂರಕ್ಕೂ ನೇರವಾದ ಉತ್ತರ ಸಿಗದಿದ್ದರೆ ಆ ಜೀವಿಯನ್ನು ಅದರ ನೆಲೆಯಲ್ಲಿಯೇ ಬಿಡುವುದು ಲೇಸು. ಈ ಪ್ರಶ್ನೆಗಳು ಹವಳಕ್ಕೆ ಮಾತ್ರವಲ್ಲ. ಮೀನಿಗೆ, ಆಮೆಗೆ, ಹಕ್ಕಿಗೆ, ನಾಯಿಮರಿಗೂ ಸಲ್ಲುವಂಥವು.

ತೆಂಗಿನ ಸೀಮೆಯ ರೈತನು ಈ ನೀತಿಯನ್ನು ಯಾವ ಗ್ರಂಥದಿಂದಲೂ ಕಲಿತವನಲ್ಲ. ಅವನು ಮೊದಲು ನೀರು ನೋಡುತ್ತಾನೆ, ಬಳಿಕ ಮಣ್ಣು ನೋಡುತ್ತಾನೆ, ಮೂವತ್ತು ಅಡಿಗೊಂದರಂತೆ ಗುಂಡಿ ತೆಗೆದು ಬಿಸಿಲಿಗೆ ಬಿಡುತ್ತಾನೆ. ಸಸಿ ಬರುವುದು ಕೊನೆಗೆ. ಎತ್ತರದ ತಳಿಯ ಆ ಸಸಿ ಫಲ ಕೊಡಲು ಆರರಿಂದ ಎಂಟು ವರ್ಷ ಬೇಕು. ಅದು ನಿಲ್ಲುವುದು ಅರುವತ್ತು ಎಂಬತ್ತು ವರ್ಷ. ನೆಟ್ಟವನಿಗಿಂತ ನೆಟ್ಟುದು ಹೆಚ್ಚು ಕಾಲ ಬಾಳುವುದೆಂಬ ಅರಿವಿನಿಂದಲೇ ಅವನು ಗುದ್ದಲಿ ಹಿಡಿಯುತ್ತಾನೆ. ನೆಲೆ ಸಿದ್ಧವಾಗದೆ ಜೀವವನ್ನು ತರಬಾರದು. ತಂದ ಮೇಲೆ ಅದರ ಆಯುಷ್ಯಕ್ಕೆ ಹೊಣೆಯಾಗದೆ ಇರಬಾರದು. ಕೊಡಲಾಗದ ನೆಲೆಯನ್ನು ಕೊಡುತ್ತೇನೆಂದು ಭ್ರಮಿಸುವುದಕ್ಕಿಂತ ಹವಳವನ್ನು ಕಡಲಿಗೇ ಬಿಟ್ಟು, ಕಡಲನ್ನು ಕಾಯುವ ಕೆಲಸದಲ್ಲಿ ತನ್ನ ಪಾಲನ್ನು ಸಲ್ಲಿಸುವವನೇ ಹವಳವನ್ನು ನಿಜವಾಗಿ ಪ್ರೀತಿಸುವವನು.